ಒಬ್ಬನೇ ಮಗ ಇದ್ದ ಮನೆ

...ನಗ್ತೀಯಾ? ನಗು, ನಗು. 'ಆ ನಾಯಕನಿಗೆ ವೋಟು ಹಾಕಿದವಳು ನೀನೇ ಅಲ್ವೇನಕ್ಕಾ' ಅಂತ ಸುಲಭವಾಗಿ ಅಂದುಬಿಟ್ಟೆ. ಹಾಕಿದೆ ಕಣೋ! ಆಗ ನಿನಗೆ ನಾಲ್ಕು ವರ್ಷ. ನಿನಗೇನು ನೆನಪಿದೆ?

ಅಪ್ಪ ಹಿಂದಿನ ಯುದ್ಧದಿಂದ ಕೈಕಾಲು ಸರಿಯಾಗೇ ವಾಪಸ್ ತಂದಿದ್ರು. ಲೇತ್ ಕೆಲಸದಲ್ಲಿ ಎತ್ತಿದ ಕೈ. ಆದರೆ ಕಾರ್ಖಾನೆಗೇ ಬೀಗ! ಐದು ವರ್ಷ... ಐದು ವರ್ಷ ಕಣೋ, ಬೆಳಗಾದ್ರೆ ಗಡ್ಡ ಮಾಡ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, ಉದ್ಯೋಗ ಕಚೇರಿ ಬೆಂಚಲ್ಲಿ ಕೂತು ಬರೋರು. ಅಮ್ಮ ನಿನ್ನ ಹೆತ್ತು ಕಣ್ಣು ಮುಚ್ಚಿದ್ಲು. ಅವಳ ಹೊಲಿಗೆ ಮೆಷಿನ್ ಹೋಯ್ತು, ಮಂಚ ಹೋಯ್ತು. ಹಾಲು ಅಂತ ನಿನಗೆ ಹಿಟ್ಟು ಕದಡಿದ ನೀರು ಕುಡಿಸ್ತಿದ್ದೆ. ನೀನು ಚಪ್ಪರಿಸಿ ಕುಡೀತಿದ್ದೆ, ಪೆದ್ದು!

ಆಗ ಬಂದ ಅವನು. 'ನಿಮ್ಮ ಹೊಟ್ಟೆಗೆ ಹೊಡೆದವರು ಯಾರು ಗೊತ್ತಾ?' ಅಂದ. ಯಾರ್ಯಾರದೋ ಹೆಸರು ಹೇಳಿದ. ನಿಜಾನಾ ಅಂತ ಯಾರು ಕೇಳ್ತಾರೆ? ಹೊಟ್ಟೆಗೆ ಬಿದ್ದ ಏಟಂತೂ ನಿಜ ತಾನೆ? ವರ್ಷ ತುಂಬೋದ್ರೊಳಗೆ ಕಾರ್ಖಾನೆ ಸೈರನ್ ಕೂಗಿತು. ಅಪ್ಪ ಊಟದ ಡಬ್ಬಿ ಹಿಡ್ಕೊಂಡು ಬಾಗಿಲಲ್ಲೇ ಅತ್ತುಬಿಟ್ರು. ನನಗೆ ಅದೇ ಉದ್ಯೋಗ ಕಚೇರೀಲಿ ಗುಮಾಸ್ತೆ ಕೆಲಸ. ಇನ್ನು ಚುನಾವಣೆನೇ ಬೇಡ ಅಂದ... ಅದಕ್ಕೂ ಚಪ್ಪಾಳೆ ತಟ್ಟಿದ್ವಿ.

ಏನು? ಕಾರ್ಖಾನೇಲಿ ಏನು ಮಾಡ್ತಿದ್ರು ಅಂತಾನಾ? ...ಫಿರಂಗಿ ಗುಂಡು. ಗೊತ್ತಿತ್ತು. ಎದುರುಮನೆ ಮೇಷ್ಟ್ರು ಒಬ್ರೇ ಕೇಳಿದ್ರು, 'ಇಷ್ಟೊಂದು ಗುಂಡು ಯಾರ ಮೇಲೆ ಹಾರಿಸೋಕೆ?' ಅಂತ. ಅವರನ್ನ ಎಳ್ಕೊಂಡು ಹೋದ ದಿನ ನಾವು... ನಾವು ಕಿಟಕಿ ಹಾಕ್ಕೊಂಡ್ವಿ. ಹಾಗೆ ನೋಡ್ಬೇಡ್ವೋ.

ಬೂಟು ಕಚ್ತಿದೆಯಾ? ಹೊಸದಲ್ವಾ, ಎರಡು ದಿನಕ್ಕೆ ಸರಿಹೋಗುತ್ತೆ. ಈಗ ನಮ್ಮ ಕಚೇರೀಲಿ ಬಂದು ಕೂರೋರೆಲ್ಲ ನಿನ್ನ ವಯಸ್ಸಿನವರೇ. ಸೈನ್ಯದ ಪಟ್ಟಿ ಅಲ್ಲೇ ಆಗೋದು. ಒಬ್ಬನೇ ಮಗ ಇರೋ ಮನೆಗೆ ವಿನಾಯಿತಿ ಇದೆ. ಆದ್ರೂ ನಿನ್ನ ಹೆಸರು ಹೇಗೆ ಸೇರ್ತೋ... ಮೇಲಿನವರ ಕಣ್ತಪ್ಪಿರ್ಬೇಕು. ರಾಶಿ ರಾಶಿ ಕಾಗದ ನೋಡು...

ಆ ಸೈನ್ಯದ ಆದೇಶ ಮಡಚಿ ಜೇಬಲ್ಲಿಡು. ಎಷ್ಟು ಸಲ ಓದ್ತೀಯಾ? ಬೆಳಕಿಗೆ ಹಿಡಿದು ಏನು ನೋಡ್ತೀಯೋ?

ಯಾಕೋ ಆ ಅಕ್ಷರದ ಮೇಲೆ ಬೆರಳಿಡ್ತೀಯಾ?

...ಹೌದು. ನನ್ನಕ್ಷರಾನೇ. ಕೈ ಹಿಡಿದು ನಿನಗೆ ತಿದ್ದಿಸಿದವಳು ನಾನು, ನಿನಗೆ ಗುರುತು ಸಿಗದೆ ಇರುತ್ತಾ? 'ಕಚೇರಿಯವರ ಮನೆಯಿಂದಲೇ ಮೊದಲು' ಅಂದ್ರು ಸಾಹೇಬ್ರು. ಇಲ್ಲ ಅಂದಿದ್ರೆ ಕೆಲಸ ಹೋಗ್ತಿತ್ತು. ಹೆದರಿಬಿಟ್ಟೆ ಕಣೋ. ವಿನಾಯಿತಿ ಅನ್ನೋ ಕಡೆ 'ಬೇಡ' ಅಂತ ನಾನೇ... ನಾನೇ ಬರೆದೆ.

ಬಯ್ಯೋ. ಬೇಕಾದ್ರೆ ಹೊಡಿ. ಅಪ್ಪನೂ ಇಲ್ಲ, ಈ ಮನೇಲಿ ಇನ್ನು ಯಾರ ದನಿ ಕೇಳಲಿ?

ಹೊರಟೇಬಿಟ್ಯಾ? ನಿಲ್ಲೋ... ಒಂದೇ ಒಂದು ಸಲ ಅಕ್ಕಾ ಅಂತಾದ್ರೂ ಅಂದು ಹೋಗೋ...