ಎಡಕ್ಕೆ ತಿರುಗಿಸಿದ ನಟ್ಟು

ಹೇಳಿಕೆದಾರರು: ಯಂತ್ರಭಾಗ ತಯಾರಿಕಾ ಕಾರ್ಖಾನೆಯ ನಿರ್ವಹಣಾ ವಿಭಾಗದ ಮೇಲ್ವಿಚಾರಕ. ವಯಸ್ಸು: 52 ವರ್ಷ. ವಿದ್ಯಾರ್ಹತೆ: ಮೆಕ್ಯಾನಿಕಲ್ ಡಿಪ್ಲೊಮಾ. ವಾಸ: ಕಾರ್ಖಾನೆಯ ವಸತಿಗೃಹ, ಎರಡನೇ ಮಹಡಿ, ಮನೆ ಸಂಖ್ಯೆ 14.

ಆರೋಪಿಯ ತಪ್ಪೊಪ್ಪಿಗೆಯ ಬಗ್ಗೆ ವಿಚಾರಣೆ ನಡೆಸುತ್ತಿರುವ ತಮ್ಮ ಮುಂದೆ ನಾನಾಗಿಯೇ ಹಾಜರಾಗಿ ಈ ಮೂಲಕ ಬರೆಸುವುದೇನೆಂದರೆ:

ಇದೇ ತಿಂಗಳ 6ರಂದು ಬೆಳಿಗ್ಗೆ 10.40ಕ್ಕೆ ನಮ್ಮ ಗ್ರೈಂಡಿಂಗ್ ಯಂತ್ರದ ಎಡಬದಿಯ ಚಕ್ರ ತಿರುಗುತ್ತಿರುವಾಗಲೇ ಕಳಚಿ ಬಡಿದು ಫೋರ್‌ಮನ್ನರ ಭುಜದ ಮೂಳೆ ಮುರಿಯಿತು. ಆ ಯಂತ್ರದಲ್ಲಿ ಅದಕ್ಕೂ ಮೊದಲು ಕೆಲಸ ಮಾಡಿದವರು ಹತ್ತೊಂಬತ್ತು ವರ್ಷ ಅನುಭವವುಳ್ಳ ಫಿಟ್ಟರ್. ಕೆಲಸದ ನಡುವೆ ಶಿಳ್ಳೆ ಹಾಕುವುದರಿಂದ ಎಲ್ಲರೂ ಅವರನ್ನು ಶಿಳ್ಳೆ ಎಂದೇ ಕರೆಯುತ್ತಾರೆ. ಹಿಂದಿನ ದಿನ ಅವರಿಗೂ ಫೋರ್‌ಮನ್ನರಿಗೂ ಮಾತಿಗೆ ಮಾತು ಬೆಳೆದಿತ್ತು. ಈ ಎರಡೂ ಸಂಗತಿಗಳನ್ನು ಪೊಲೀಸರಿಗೆ ತಿಳಿಸಿದವನು ನಾನೇ.

ನನ್ನ ಪತ್ನಿ ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತೆ. ಅವರು ಶಿಳ್ಳೆಯಲ್ಲಿ ಹಾಕುವ ರಾಗವನ್ನೇ ಆಕೆ ಮನೆಯಲ್ಲಿ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದಳು. ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಯಂತ್ರಭಾಗದ ಡ್ರಾಯಿಂಗ್ ಕೊಡಲು ಮನೆಗೆ ಬಂದ ನಮ್ಮ ಲೇತ್ ಟರ್ನರ್ ಅದನ್ನು ಕೇಳಿ, "ಏನ್ ಸಾರ್, ನಿಮ್ಮನೇಲೂ ಶಿಳ್ಳೆ ರೇಡಿಯೋನೇ ಬರುತ್ತಾ?" ಎಂದು ನಕ್ಕರು. ನಾನೂ ನಕ್ಕೆ. ಮರುದಿನ ಟೇಪು ಹಿಡಿದು ಅಳೆದೆ. ಸ್ಟೋರಿನಲ್ಲಿ ಆಕೆಯ ಕಿಟಕಿಯಿಂದ ನನ್ನ ಮೇಜಿಗೆ 6 ಮೀಟರ್, ಶಿಳ್ಳೆಯ ಬೆಂಚಿಗೆ 22 ಮೀಟರ್.

ಅಪಘಾತದ ದಿನ 11.20ಕ್ಕೆ ನನ್ನ ಕೊಠಡಿಯಲ್ಲಿ ಕುಳಿತು ಪೊಲೀಸರಿಗೆ ಮೊದಲ ಹೇಳಿಕೆ ಬರೆದುಕೊಟ್ಟೆ. ಗಾಜಿನ ಆಚೆ ನನ್ನ ಪತ್ನಿ ಶಿಳ್ಳೆಗೆ ನೀರಿನ ಲೋಟ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು. ನಾಲ್ಕು ನಿಮಿಷ. ಬರೆಯುವಾಗ ನನ್ನ ಕಣ್ಣು ಕಾಗದದ ಮೇಲಿರಲಿಲ್ಲ. ಯಾರೋ ಸ್ಪ್ಯಾನರಿನಿಂದ ಚಕ್ರದ ನಟ್ಟನ್ನು ಎಡಕ್ಕೆ ತಿರುಗಿಸಿ ಸಡಿಲಿಸಿರಬೇಕು ಎಂದು ಬರೆದೆ. ಅದು ತಪ್ಪು. ಸಾಮಾನ್ಯ ನಟ್ಟು ಎಡಕ್ಕೆ ಸಡಿಲವಾಗುತ್ತದೆ. ಆದರೆ ಆ ಬದಿಯ ನಟ್ಟಿನ ಥ್ರೆಡ್ ಉಲ್ಟಾ. ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತದೆ.

9ರಂದು ಮಧ್ಯಾಹ್ನ 3.15ಕ್ಕೆ ನನ್ನನ್ನು ಠಾಣೆಗೆ ಕರೆಸಿ, ಯಂತ್ರಭಾಗಗಳ ಹೆಸರುಗಳು ಸರಿಯಿವೆಯೇ ಎಂದು ತಿಳಿಯಲು ಶಿಳ್ಳೆಯ ತಪ್ಪೊಪ್ಪಿಗೆಯನ್ನು ಓದಿ ಹೇಳಿದರು. ಅದರಲ್ಲಿ ಅವರು ಸ್ಪ್ಯಾನರಿನಿಂದ ಚಕ್ರದ ನಟ್ಟನ್ನು ಎಡಕ್ಕೆ ತಿರುಗಿಸಿ ಸಡಿಲಿಸಿದ್ದಾಗಿ ಒಪ್ಪಿಕೊಂಡಿದ್ದರು. ಆ ಯಂತ್ರಕ್ಕೆ ಚಕ್ರ ಕೂರಿಸುವುದನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಕಲಿಸಿದವರು ಅವರು. ನನಗೂ ಅವರೇ ಕಲಿಸಿದ್ದು. ಕಣ್ಣು ಕಟ್ಟಿ ಬಿಟ್ಟರೂ ಅವರ ಕೈ ಆ ನಟ್ಟಿನಲ್ಲಿ ದಿಕ್ಕು ತಪ್ಪುವುದಿಲ್ಲ. ಆ ವಾಕ್ಯ ನನ್ನ ಮೊದಲ ಹೇಳಿಕೆಯಿಂದ ತಪ್ಪಿನ ಸಮೇತ ಎತ್ತಿದ್ದು.

ಅವರು ನನ್ನಿಂದ 3 ಮೀಟರ್ ದೂರದ ಬೆಂಚಿನ ಮೇಲೆ, ಊದಿಕೊಂಡ ಎರಡೂ ಅಂಗಾಲು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಕುಳಿತಿದ್ದರು. "ಕೇಳಿಸ್ಕೊಂಡ್ರಲ್ಲ ಸಾರ್. ನೀವಾದ್ರೂ ಹೇಳಿ," ಎಂದರು. ಹೆಸರುಗಳು ಸರಿಯಿವೆ ಎಂದಷ್ಟೇ ಹೇಳಿ ನಾನು 3.40ಕ್ಕೆ ಹೊರಟೆ.

ಅಂದು ಸಂಜೆ ಪತ್ನಿ, ತಪ್ಪೊಪ್ಪಿಗೆಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ. "ಎಡಕ್ಕಾ?" ಎಂದಳು. ಅಂದಿನಿಂದ ಹದಿಮೂರು ದಿನ ಮನೆಯಲ್ಲಿ ಆ ರಾಗವಿಲ್ಲ. ಆ ಮೌನ ನಾನು ಬಯಸಿದ್ದೇ.

ಇಂದು ಬೆಳಿಗ್ಗೆ 7.05ಕ್ಕೆ ನನ್ನ ಚಹಾ ಲೋಟದ ಪಕ್ಕ ಅದೇ ಅಳತೆಯ ಒಂದು ನಟ್ಟು ಇತ್ತು. ಅದಕ್ಕೆ ಕೆಂಪು ಬಣ್ಣವಿತ್ತು. ಉಲ್ಟಾ ಥ್ರೆಡ್ಡಿನ ನಟ್ಟುಗಳಿಗೆ ಗುರುತಿಗಾಗಿ ಕೆಂಪು ಬಳಿದಿಡುವವಳು ನನ್ನ ಪತ್ನಿಯೇ. ಆ ನಟ್ಟನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ.

ಚಕ್ರ ಹೇಗೆ ಕಳಚಿತೋ ನನಗೆ ತಿಳಿಯದು. ಆ ತಪ್ಪೊಪ್ಪಿಗೆ ಅವರ ಸ್ವಂತ ಇಚ್ಛೆಯದ್ದಲ್ಲ ಎಂಬುದು ತಿಳಿದಿದೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಹೀಗೆ ಹೇಳೆಂದು ಯಾರೂ ಒತ್ತಾಯಿಸಿಲ್ಲ. ಪತ್ನಿಯೂ ಬಾಯಿಬಿಟ್ಟು ಕೇಳಿಲ್ಲ. ಅವರು ಬಿಡುಗಡೆಯಾದರೆ ಆ ರಾಗ 22 ಮೀಟರ್ ದಾಟಿ ಮತ್ತೆ ನನ್ನ ಮನೆಗೆ ಬರುತ್ತದೆ ಎಂದು ಗೊತ್ತಿದ್ದೇ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಉಪ ಅಧೀಕ್ಷಕರ ಕಚೇರಿ
ದಿನಾಂಕ: ಇದೇ ತಿಂಗಳ 22, ಬೆಳಿಗ್ಗೆ 9.50
(ಸಹಿ)