ಪಾಪದ ಪಾಠವೇ ಮುಗಿದಿಲ್ಲ, ಅಯ್ಯನವರೇ

...ಅಲ್ಲಾಡಬೇಡಿ ಅಂದೆನಲ್ಲ, ಅಯ್ಯನವರೇ. ಕತ್ತಿ ಗಂಟಲ ಹತ್ತಿರ ಇದೆ. ಸಭೆಗೆ ನೀವು ಪಾದ್ರಿ ಇರಬಹುದು, ಈ ಕುರ್ಚಿಯಲ್ಲಿ ಕೂತ ಮೇಲೆ ಬೋಧನೆ ನನ್ನದು. ನಾನು ನಡೆಸೋ ದೀಕ್ಷಾಸ್ನಾನದ ತರಗತಿ ಯಾಕೆ ಪಾಪದಲ್ಲೇ ಸಿಕ್ಕಿಹಾಕಿಕೊಂಡಿದೆ, ಕ್ಷಮೆಯ ಪಾಠ ಯಾವಾಗ, ಆ ಪಾಠ ಆಗದೆ ಜನರನ್ನು ನೀರಿಗಿಳಿಸೋದು ಹೇಗೆ... ಇಷ್ಟೇ ತಾನೇ ನಿಮ್ಮ ಪ್ರಶ್ನೆ? ಹೇಳ್ತೀನಿ. ತುಟಿ ಬಿಚ್ಚಬೇಡಿ, ನೊರೆ ಒಳಗೆ ಹೋಗುತ್ತೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಿ. ನನ್ನಂಥ ಮೇಷ್ಟ್ರು ನಿಮಗೆ ದೀಪ ಹಿಡಿದು ಹುಡುಕಿದರೂ ಸಿಗಲ್ಲ. ಸತ್ಯವೇದಕ್ಕೂ ನಮ್ಮ ಕಸುಬಿಗೂ ಹಳೇ ನಂಟು. ಸಂಸೋನನ ತಲೆ ಬೋಳಿಸಿದ್ದು ಯಾರು? ಅವನು ಮರುಳಾದ ಆ ಹೆಂಗಸು ಅಂತೀರಿ. ಅವಳು ಮಲಗೋಕೆ ತೊಡೆ ಕೊಟ್ಟಳು, ಅಷ್ಟೇ. ಕೆಲಸ ಮಾಡಿದ್ದು ನಮ್ಮವನು. ಅಂಥ ಪೈಲ್ವಾನನ ಏಳು ಜಡೆ ತೆಗೆದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಗೊರಕೆ ಕೂಡ ನಿಲ್ಲಲಿಲ್ಲ. ಆದರೆ ಅವನ ಹೆಸರು ಬರೆದಿದ್ದಾರಾ? ಇಲ್ಲ. ನಮ್ಮ ಹಣೆಬರಹ ಆವಾಗಿಂದಲೂ ಅಷ್ಟೇ.

ನಗಬೇಡಿ, ಕೆನ್ನೆ ಕುಯ್ದುಹೋಗುತ್ತೆ.

ಸಿಕ್ಕ ಪುಟ ತೆಗೆದು ಓದೋನು ನಾನಲ್ಲ. ತಲೆಯನ್ನು ಒಂದು ಕಡೆಯಿಂದ ಕತ್ತರಿಸಿಕೊಂಡು ಬರೋ ಹಾಗೆ, ಮೊದಲು ದೇವರು, ಆಮೇಲೆ ಸೃಷ್ಟಿ, ಆಮೇಲೆ ಪಾಪ. ತ್ರಿಯೇಕ ದೇವರ ಪಾಠಕ್ಕೆ ಅಂಗಡಿಯ ಕನ್ನಡಿಗಳನ್ನೇ ಹೊತ್ತುಕೊಂಡು ಹೋದೆ. ನನ್ನ ತಲೆಯ ಮುಂದೊಂದು, ಹಿಂದೊಂದು, ಪಕ್ಕಕ್ಕೊಂದು. 'ನೋಡಿ, ಕಾಣೋದು ಮೂರು, ತಲೆ ಒಂದೇ' ಅಂದೆ. ಟೈಲರಮ್ಮ ಬಗ್ಗಿ ನೋಡಿ, 'ಮೂರರಲ್ಲೂ ಬೋಳೇ ಕಾಣ್ತಿದೆ, ಮಾವ' ಅಂದಳು.

ಹುಬ್ಬು ಯಾಕೆ ಮೇಲೆ ಹೋಯ್ತು? ತಪ್ಪು ಬೋಧನೆಯಾ? ಇರಲಿ ಬಿಡಿ. ನೀವು ಅದನ್ನೇ ಸರಿಯಾಗಿ ವಿವರಿಸಿದ ದಿನ ಅರ್ಧ ಸಭೆ ತೂಕಡಿಸುತ್ತಿತ್ತು. ನನ್ನ ತಪ್ಪನ್ನು ಎಲ್ಲರೂ ಎಚ್ಚರವಾಗಿದ್ದು ಕೇಳಿದರು.

ಇನ್ನು ಪಾಪಕ್ಕೆ ಬಂದೆವು ನೋಡಿ... ಆಹಾ, ಕೂರೋಕೆ ಜಾಗ ಇಲ್ಲ. ಆದಾಮ ಹಣ್ಣು ತಿಂದು ತಪ್ಪನ್ನು ಹೆಂಡತಿಯ ಮೇಲೆ ಹಾಕಿದ ಅಂತ ಓದಿದ್ದೇ ತಡ, ಹೆಂಗಸರೆಲ್ಲ ಒಟ್ಟಿಗೆ ಗಂಡಂದಿರ ಕಡೆ ತಿರುಗಿದರು. ವ್ಯಾಖ್ಯಾನವೇ ಬೇಕಾಗಲಿಲ್ಲ. ಪೋಸ್ಟಿನವನು ತಾನು ಕದ್ದು ಓದಿದ ಊರವರ ಕಾರ್ಡುಗಳನ್ನು ನೆನೆದು ಬೆವೆತ. ಕಾವಲುಗಾರ ತನ್ನ ನಿದ್ದೆಯನ್ನು ಒಪ್ಪಿಕೊಂಡು, ಒಪ್ಪಿಕೊಂಡ ಸಮಾಧಾನಕ್ಕೆ ಅಲ್ಲೇ ನಿದ್ದೆ ಹೋದ. ದೇವರ ವಿಷಯದಲ್ಲಿ ನಮಗೆಲ್ಲ ಕೇಳಿದ ಮಾತು, ಪಾಪದಲ್ಲಿ ಸ್ವಂತ ಅನುಭವ. ಇಂಥ ತರಗತಿಯನ್ನು ಮುಗಿಸಿ ಅಂತೀರಲ್ಲ, ನಿಮಗೆ ಕರುಣೆ ಬೇಡವಾ?

ಮೊನ್ನೆ ಹಿಂದಿನ ಬೆಂಚಿನಿಂದ ಆ ಬೇಕರಿಯವನು ಎದ್ದು ನಿಂತು, 'ಪಾಪ ಆಯ್ತಲ್ಲ, ಮುಂದೇನು?' ಅಂದ. ನಾನು 'ಕರೆಂಟ್ ಹೋಯ್ತು' ಅಂತ ಹೇಳಿ ಕೊನೇ ಪ್ರಾರ್ಥನೆ ಮಾಡಿಬಿಟ್ಟೆ. ಹೌದು, ಮಟಮಟ ಮಧ್ಯಾಹ್ನ. ಅದಕ್ಕೇನೀಗ? ಆಮೆನ್ ಅನ್ನೋಕೆ ಬೆಳಕು ಬೇಕಾ?

ಆಯ್ತು. ಒರೆಸ್ತೀನಿ ಇರಿ. ಮುಟ್ಟಿ ನೋಡ್ಕೊಳ್ಳಿ, ಹೆತ್ತ ತಾಯಿಗೂ ಗುರುತು ಸಿಗಬಾರದು. ಈಗ ಮಾತಾಡಬಹುದು ನೀವು.

...ಮಾತಾಡಿ, ಪರವಾಗಿಲ್ಲ.

ಕನ್ನಡಿಯಲ್ಲಿ ನನ್ನನ್ನೇ ಯಾಕೆ ನೋಡ್ತೀರಿ? ನೋಡಬೇಕಾದ್ದು ನಿಮ್ಮ ಮುಖ. ಪಾಪ ಇನ್ನೂ ಮುಗಿದಿಲ್ಲ ಅಂದೆನಲ್ಲ. ಹೊಟ್ಟೆಕಿಚ್ಚು ಬಾಕಿ ಇದೆ, ಜಂಬ ಬಾಕಿ ಇದೆ. ಜಂಬಕ್ಕೆ ಉದಾಹರಣೆ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ...

ನಗಲೂ ಇಲ್ಲವಾ?

ಅವನೇನಾದರೂ ಬಂದು ಹೇಳಿದನಾ ನಿಮಗೆ? ಆ ಬೇಕರಿಯವನು? ಇಲ್ಲವಾ? ನೀವು ಅವನ ಸುದ್ದಿಯೇ ಎತ್ತಲಿಲ್ಲ, ಅಲ್ಲವಾ... ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಕಥೆ.

ಅವನು ನನ್ನ ತಮ್ಮ. ಹೌದು, ಒಡಹುಟ್ಟಿದವನೇ. ಅಮ್ಮನ ಹೊಟ್ಟೆ ಆಪರೇಷನ್ ಆಗಿದ್ದಾಗ ಅವನೇ ಹತ್ತಿರ ಇದ್ದವನು. ನನಗೆ ಹೇಳಿ ಕಳಿಸಬೇಡಿ ಅಂದನಂತೆ. 'ಅಣ್ಣ ಬಂದರೆ ನಗಿಸ್ತಾನೆ, ಹೊಲಿಗೆ ಬಿಚ್ಚಿಕೊಳ್ಳುತ್ತೆ, ವಾಸಿಯಾದ ಮೇಲೆ ಹೇಳಿದರಾಯ್ತು.' ವಾಸಿಯಾಗಲಿಲ್ಲ, ಅಯ್ಯನವರೇ. ಊರಿನವರನ್ನೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿದವನು ನಾನು. ನನ್ನಮ್ಮ ನಗದೇ ಹೋದಳು.

ಅವತ್ತಿಂದ ಅವನ ಹತ್ತಿರ ಮಾತಿಲ್ಲ. ಇದ್ದಕ್ಕಿದ್ದ ಹಾಗೆ ಬಂದು ನನ್ನ ತರಗತಿಯಲ್ಲೇ ಕೂತಿದ್ದಾನೆ, ದೀಕ್ಷಾಸ್ನಾನ ಬೇಕಂತೆ. ಬೇರೆ ಮೇಷ್ಟ್ರೇ ಸಿಗಲಿಲ್ಲವಾ ಅವನಿಗೆ? ಪಾಪದ ಬಗ್ಗೆ ಅವನ ಕಡೆ ನೋಡಿಕೊಂಡೇ ಎಷ್ಟು ಬೇಕಾದರೂ ಹೇಳಬಲ್ಲೆ, ಗಂಟಲೇ ನೋಯಲ್ಲ. ಕ್ಷಮೆಯ ಪಾಠವೂ ಬಾಯಿಗೆ ಬರುತ್ತೆ, ವಾಕ್ಯ ಎಲ್ಲ ಗೊತ್ತು. ಆದರೆ ಅವನ ಮುಖಕ್ಕೆ ಎದುರಾಗಿ ನಿಂತು ಅದನ್ನು ಹೇಳಬೇಕಲ್ಲ. ಇಷ್ಟೆಲ್ಲ ಬುರುಡೆ ಬಿಡೋನಿಗೆ ಅದೊಂದು ಸುಳ್ಳು ಮಾತ್ರ ಬಾಯಲ್ಲಿ ಬರ್ತಿಲ್ಲ.

ಬೈಯಿರಿ ಬೇಕಾದರೆ. ನೀವು ವಯಸ್ಸಿನಲ್ಲಿ ಚಿಕ್ಕವರು ಅಂತ ಸಂಕೋಚ ಬೇಡ.

ಸರಿ. ಒಂದು ಕೆಲಸ ಮಾಡಿ. ಈ ಭಾನುವಾರ ಕ್ಷಮೆಯ ಪಾಠ ನೀವೇ ಮಾಡಿ. ತಪ್ಪಿಸಿಕೊಳ್ಳಲ್ಲ, ನಾನೂ ಬರ್ತೀನಿ, ಎಲ್ಲರ ಜೊತೆ ಕೂತು ಕೇಳ್ತೀನಿ. ಯಾರ ಪಕ್ಕದಲ್ಲಿ ಅಂತ... ಅದನ್ನು ಮಾತ್ರ ಈಗಲೇ ಕೇಳಬೇಡಿ.