ಸೂರಿಂದ ಇಳಿಸಬೇಕಾಗಿದ್ದವನು

ಕೊಹಿಮಾಕ್ಕೆ ಹೋಗೋ ಪ್ಲಾನು ಅಂತ ಎಲ್ಲರೂ ಕೂತಿದ್ದು ಅದು ನಾಲ್ಕನೇ ಭಾನುವಾರ. ಮಂಚೇನಹಳ್ಳಿಯ ನಮ್ಮ ಮನೇಲಿ ಸಂಜೆ ಏಳಕ್ಕೆ ಮಳೆ ಹಿಡೀತು, ಕರೆಂಟ್ ಹೋಯ್ತು, ಪ್ಲಾನು ಮಾತ್ರ ಇದ್ದಲ್ಲೇ ಇತ್ತು. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡಿನ ಟೆಂಪೋ ಓಡಿಸೋನು. ರೈಲು, ನಾಗಾಲ್ಯಾಂಡಿನ ಪರ್ಮಿಟ್ಟು, ಲಾಡ್ಜು ಎಲ್ಲಾ ವಿಚಾರಿಸಿ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದವನು ನಾನೇ. ಓದಿದವರು ಮಾಡಿದ್ದೇನು? ಹೈಸ್ಕೂಲ್ ಮೇಷ್ಟ್ರು ರಮೇಶ್‌ಬಾಬು ಚಿಕ್ಕಪ್ಪನಿಗೆ ದಾರೀಲಿ ಕಾಮಾಖ್ಯ ದೇವಿ ದರ್ಶನ ಆಗಬೇಕಂತೆ. ಅವನ ಮಗಳು ಪದ್ಮಶ್ರೀಗೆ ಯುದ್ಧದ ಮ್ಯೂಸಿಯಂ ಬೋರಂತೆ, ಜಲಪಾತ ಬೇಕಂತೆ.

"ಸ್ಮಶಾನ ನೋಡೋಕೆ ಮೂರು ದಿನ ರೈಲಲ್ಲಿ ಯಾವನಾದ್ರೂ ಹೋಗ್ತಾನೇನೋ?" ಅಂದ ಚಿಕ್ಕಪ್ಪ.

"ನಿನ್ನ ಯಾರು ಕರೆದ್ರು? ಹೋಗ್ಬೇಕು ಅಂದಿದ್ದು ಅಜ್ಜಿ."

"ಅಮ್ಮನಿಗೆ ಎಂಬತ್ತೇಳು ಕಣೋ. ಗೌರಿಬಿದನೂರು ಬಸ್ಸು ಹತ್ತಿದ್ರೇ ವಾಂತಿ ಮಾಡ್ಕೊತಾಳೆ. ನೀನು ಟೆಂಪೋಲಿ ಗೂಡು ಹಾಕ್ಕೊಂಡು ಹೋದಂಗೆ ಅನ್ಕೊಂಡಿದ್ದೀಯ."

ಪಿತ್ತ ನೆತ್ತಿಗೇರಿ ನೋಟ್‌ಬುಕ್ ಎಸೆದೆ. ಅದು ಹೋಗಿ ಗಂಗುಲಮ್ಮಜ್ಜಿ ಕಾಲ ಹತ್ರ ಬಿತ್ತು.

ಅಜ್ಜಿಯ ಅಣ್ಣ ಆವುಲಪ್ಪ ಎರಡನೇ ಮಹಾಯುದ್ಧದಲ್ಲಿ ಕೊಹಿಮಾ ಹತ್ರ ಸತ್ತ ಅನ್ನೋದು ಮನೆಯವರಿಗೆಲ್ಲಾ ಗೊತ್ತು. ಅಲ್ಲಿನ ಸೈನಿಕರ ಸ್ಮಶಾನದಲ್ಲಿ, ಹೂಳದೆ ಚಿತೆ ಮೇಲೆ ಸುಟ್ಟ ಸಿಪಾಯಿಗಳ ಹೆಸರು ಕಲ್ಲಿನ ಮೇಲೆ ಕೆತ್ತಿದ್ದಾರೆ. ಫೋನಲ್ಲೇ ಹುಡುಕಿ ಹೇಳ್ತೀನಿ ಅಂದ್ರೆ ಅಜ್ಜಿ ಒಪ್ಪಿರಲಿಲ್ಲ, ಕಲ್ಲು ಮುಟ್ಟಿ ನೋಡ್ಬೇಕು ಅಂತ ಹಟ. ಯಾಕೆ ಅಂತ ಅವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ.

"ಆ ಮೊಬೈಲ್ ಬೆಳಕು ಆರಿಸ್ರಿ," ಅಂದಳು ಅಜ್ಜಿ. "ನಾಕು ವಾರದಿಂದ ಕೇಳ್ತಾ ಇದ್ದೀನಿ ನಿಮ್ಮ ಕಾಮಾಖ್ಯ, ನಿಮ್ಮ ಜಲಪಾತ... ಮುದುಕಿ ಯಾಕೆ ಹೋಗ್ತೀನಿ ಅಂತಾಳೆ ಅಂತ ಒಬ್ಬರಾದ್ರೂ ಕೇಳಿದ್ರಾ? ಇಲ್ಲ. ಈಗ ಕೇಳಿಸ್ಕೊಳ್ಳಿ.

"ಅಣ್ಣ ಸತ್ತ ಅಂತ ತಂತಿ ಬಂತಲ್ಲ, ನಮ್ಮಪ್ಪ ತಿಥಿ ಮಾಡಿ, ಪಿಂಡ ಇಟ್ಟು, ಅತ್ತಿಗೆ ಬಳೆ ಒಡೆಸಿ, ಅವಳನ್ನ ತವರಿಗೆ ಕಳಿಸಿ... ಎಲ್ಲಾ ಮುಗೀತು. ಎರಡು ವರ್ಷ ಆಯ್ತು. ನಂಗೆ ಆಗ ಎಂಟು. ಇದೇ ಮನೆ, ನಿಮ್ಮ ತಾತ ಮನೆ ಅಳಿಯನಾಗಿ ಬಂದಿದ್ದು ಆಮೇಲೆ. ಹಿಂಗೇ ಮಳೆ, ದೀಪ ಹಚ್ಚೋ ಹೊತ್ತು. ಬಾಗಿಲಾಚೆಯಿಂದ, 'ಗಂಗೂ, ಚಿಲಕ ತೆಗಿಯಮ್ಮ' ಅಂತ ದನಿ. ಕಿಟಕೀಲಿ ನೋಡ್ತೀನಿ... ಅಣ್ಣ. ಖಾಕಿ ಅಂಗಿ, ಕಪ್ಪು ಮೀಸೆ, ಮೈಯೆಲ್ಲಾ ನೀರು. ಚಿಲಕಕ್ಕೆ ಕೈ ಹಾಕ್ದೆ. ಅಪ್ಪ ಹಿಂದಿನಿಂದ ಬಂದು ಕೈ ಹಿಡ್ಕೊಂಡ.

"ಯಾಕೆ ಗೊತ್ತಾ? ತಿಥಿ ಆದವನು ಬದುಕಿ ಬಂದ್ರೂ ಬಾಗಿಲಿಂದ ಒಳಗೆ ಬರಬಾರದು, ಬಂದ್ರೆ ಮನೇಲಿ ಇನ್ನೊಂದು ಹೆಣ ಬೀಳುತ್ತೆ ಅಂತಿದ್ರು. ಹೆಂಚು ತೆಗೆದು, ಸೂರಿಂದ ಕೆಳಗಿಳಿಸಿ, ಈಗ ಹುಟ್ಟಿದ ಮಗು ಥರ ತೊಟ್ಟಿಲು ಮುಟ್ಟಿಸಿ ಹೊಸದಾಗಿ ಹೆಸರಿಡ್ಬೇಕು. ಆ ಮಳೇಲಿ ಹೆಂಚು ತೆಗೆಯೋರು ಯಾರು? ಅದೂ ಅಲ್ದೆ, ಬಂದಿರೋದು ಮನುಷ್ಯನೋ ದೆವ್ವಾನೋ? 'ಬೆಳಗಾಗ್ಲಿ ಆವುಲ, ಮಳೆ ನಿಲ್ಲಲಿ, ಜಗಲೀಲೇ ಇರು' ಅಂದ ಅಪ್ಪ. ಅಮ್ಮ ಬಾಯಿಗೆ ಸೆರಗು ತುರುಕ್ಕೊಂಡು ಮುದ್ದೆ ಬಡಿಸಿದಳು. ಬಾಗಿಲು ಒಂದು ಗೇಣು ತೆಗೆದು ತಟ್ಟೆ ಕೊಟ್ಟವಳು ನಾನು. ಅವನ ಬೆರಳು ತಾಗ್ತು, ತಣ್ಣಗಿತ್ತು... ಮಳೇಲಿ ನೆಂದವರ ಕೈ ತಣ್ಣಗಿರಲ್ವಾ? ಮತ್ತೆ ಚಿಲಕ ಹಾಕಿದವಳೂ ನಾನೇ.

"ಬೆಳಿಗ್ಗೆ ಅಪ್ಪ ಏಣಿ ಹಾಕ್ದ, ನಾಕು ಹೆಂಚು ತೆಗೆದೂ ಬಿಟ್ಟ. ಜಗಲೀಲಿ ಯಾರೂ ಇಲ್ಲ. 'ನೋಡಿದ್ರಾ, ದೆವ್ವ' ಅಂದವನು ಸಾಯೋವರೆಗೂ ಅದೇ ಮಾತು ಹಿಡ್ಕೊಂಡ. ಮುದ್ದೆ ನಾಯಿ ತಿಂದಿರುತ್ತೆ ಅಂದ. ತಟ್ಟೆ ತೊಳೆದು ಬೋರಲು ಹಾಕಿತ್ತು... ನಾಯಿ ತಟ್ಟೆ ತೊಳೆದಿಡುತ್ತೇನಪ್ಪಾ?"

ಚಿಕ್ಕಪ್ಪ ಫೋನ್ ಕೆಳಗಿಟ್ಟು ಅಜ್ಜಿ ಹತ್ರ ಸರಿದು ಕೂತ.

"ಕಲ್ಲಿನ ಮೇಲೆ ಅವನ ಹೆಸರಿದ್ರೆ ಬಂದಿದ್ದು ದೆವ್ವ. ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ. ಇಲ್ದಿದ್ರೆ... ಬದುಕಿ ಬಂದ ಅಣ್ಣನನ್ನ ಮಳೇಲಿ ಬಿಟ್ಟು ಚಿಲಕ ಹಾಕಿದವಳು ನಾನು."

ತಂತಿ ಸುಳ್ಳಾದ್ರೆ ಕಲ್ಲೂ ಸುಳ್ಳಾಗಲ್ವಾ ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ನೋಟ್‌ಬುಕ್ ಎತ್ಕೊಂಡು, "ಎರಡೇ ಟಿಕೆಟ್ ಅಜ್ಜಿ. ನೀನು, ನಾನು. ಮಿಕ್ಕೋರು ಜಲಪಾತಕ್ಕೆ ಹಾಳಾಗಿ ಹೋಗ್ಲಿ" ಅಂದೆ.

"ಬೇಗ ಮಾಡ್ಸಪ್ಪ," ಅಂದಳು. "ಅವನು ಈಗ್ಲೂ ಬರ್ತಾನೆ. ಹಿಂಗೆ ಮಳೆ ಹಿಡಿದ ಸಂಜೆ ಜಗಲೀಲಿ ಕೂತಿರ್ತಾನೆ. ಚಿಲಕ ತೆಗಿ ಅನ್ನಲ್ಲ, ತಲೆ ಎತ್ತಿ ಸೂರು ನೋಡ್ತಾನೆ ಅಷ್ಟೇ. ಹೆಂಚೆಲ್ಲಾ ಕಿತ್ತು ಸಿಮೆಂಟ್ ಮೋಲ್ಡ್ ಹಾಕಿಸಿದ್ದೀರಲ್ಲ... ಇನ್ನೆಲ್ಲಿಂದ ಇಳಿಸೋದು ಅವನನ್ನ?"

ಜಗಲಿ ಕಡೆ ಯಾರೂ ತಿರುಗಲಿಲ್ಲ. ಅಜ್ಜಿ ದನಿ ಇನ್ನಷ್ಟು ಇಳೀತು.

"ಅವತ್ತು ಬಂದಾಗ ಮೀಸೆ ಕಪ್ಪಗಿತ್ತು. ಹೋದ ಮಳೆಗಾಲದಲ್ಲಿ ಬಂದಾಗ ನೋಡ್ದೆ... ಹುಬ್ಬು ಕೂಡ ಬೆಳ್ಳಗಾಗಿದೆ, ಬೆನ್ನು ಬಾಗಿದೆ, ಕೋಲು ಊರ್ಕೊಂಡಿದ್ದಾನೆ. ನೀನೇ ಹೇಳಪ್ಪ... ಇಪ್ಪತ್ತೆರಡಕ್ಕೇ ಯುದ್ಧದಲ್ಲಿ ಸತ್ತೋನಿಗೆ ವಯಸ್ಸಾಗುತ್ತಾ?"